ಗಾಡಿಯ ಜೀರ್ಣೋದ್ಧಾರ: ಚೌಕಟ್ಟು ಬದಲಾಗಲಿ, ಸತ್ಯ ಬದಲಾಗದಿರಲಿ



ಹೊಸದನ್ನು ಕಟ್ಟುವುದು ದೊಡ್ಡದು. ಕಟ್ಟಿದ್ದನ್ನು ಕಾಪಾಡುವುದು ಅದಕ್ಕಿಂತ ದೊಡ್ಡದು. ಈ ಭಾವವು ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಳೆಯದನ್ನು ಎತ್ತಿ ನಿಲ್ಲಿಸುವ ಕಾರ್ಯಕ್ಕೆ ನಮ್ಮವರು ಜೀರ್ಣೋದ್ಧಾರವೆಂದು ಹೆಸರಿಟ್ಟರು. ನಮ್ಮ ಹಾಸನ ಜಿಲ್ಲೆಯ ಬೇಲೂರಿನ ಚೆನ್ನಕೇಶವ ದೇಗುಲದ ಮಹಾದ್ವಾರದ ಗೋಪುರವು ಹಾಳಾಗಿದ್ದಾಗ ವಿಜಯನಗರದ ಎರಡನೆಯ ಹರಿಹರನ ದಂಡನಾಯಕನಾದ ಗುಂಡನು 1397ರಲ್ಲಿ ಅದನ್ನು ಮತ್ತೆ ಕಟ್ಟಿಸಿದನು. ಈ ಸಂಗತಿ ಇಂದು ನಮಗೆ ತಿಳಿದಿರುವುದು ಶಾಸನದಿಂದ. ವಿಷ್ಣುವರ್ಧನನ ಕಾಲದ ಗೋಪುರವೇ ಇದು ಎಂದು ಜನ ನಂಬಿಕೊಳ್ಳಲಿ ಎಂದು ಅಂದಿನವರು ಸುಮ್ಮನಿರಲಿಲ್ಲ. ಇಂಥ ಭಾಗ ಹೋಗಿತ್ತು, ಇಂಥವನು ಇಂಥ ಕಾಲದಲ್ಲಿ ಮತ್ತೆ ಮಾಡಿಸಿದನು ಎಂದು ಕಲ್ಲಿನಲ್ಲಿ ಬರೆಸಿದರು. ಜೀರ್ಣೋದ್ಧಾರವೆಂಬ ಮಾತಿನಲ್ಲಿ ಉದ್ಧಾರವೆಷ್ಟು ಮುಖ್ಯವೋ ಅದರ ದಾಖಲೆಯೂ ಅಷ್ಟೇ ಮುಖ್ಯ.

ಈ ಪೀಠಿಕೆಗೆ ಕಾರಣವಾದದ್ದು ದಂಡಿಗನಹಳ್ಳಿಯ ಕಡೆಯ ಒಂದು ಭಕ್ತ ಮನೆತನದಿಂದ ಬಂದ ಪತ್ರ. ಅವರ ಹೆಸರು ಇಲ್ಲಿ ಬೇಡ. ಅವರ ಪ್ರಶ್ನೆ ಅನೇಕ ಮನೆಗಳ ಪ್ರಶ್ನೆಯಾಗಿರುವುದರಿಂದ ಅಂಕಣಕ್ಕೆ ತೆಗೆದುಕೊಂಡಿದ್ದೇನೆ. ಆ ಮನೆಯ ತಾತನವರು ಅರವತ್ತರ ದಶಕದಲ್ಲಿ ಜೀಪಿನ ಮುಖವುಳ್ಳ ವಿಲ್ಲೀಸ್ ಪಿಕಪ್ ಗಾಡಿಯೊಂದನ್ನು ಕೊಂಡಿದ್ದರು. ತೋಟದ ಕೊಬ್ಬರಿಯನ್ನು ತಿಪಟೂರಿನ ಮಂಡಿಗೆ ಸಾಗಿಸಿದ್ದು ಅದೇ. ಊರಿನ ಬಾಣಂತಿಯರನ್ನು ಚನ್ನರಾಯಪಟ್ಟಣದ ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ. ಈಗ ಬಹುಕಾಲದಿಂದ ತೋಟದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತಿದೆ. ಅಣ್ಣನಿಗೆ ಅದನ್ನು ಗುಜರಿಗೆ ಹಾಕುವ ಮನಸ್ಸು. ತಮ್ಮನಿಗೆ ರಿಪೇರಿ ಮಾಡಿಸಿ ಓಡಿಸುವ ಹಂಬಲ. ಮೇಲಿನ ಮೈ ಇನ್ನೂ ಉಳಿಯುವಂತಿದೆ. ಆದರೆ ಕೆಳಗಿನ ಚೌಕಟ್ಟು ತಿಂದುಹೋಗಿದೆ. ಅದೇ ಜಾತಿಯ ಇನ್ನೊಂದು ಗಾಡಿಯ ಗಟ್ಟಿ ಚೌಕಟ್ಟು ಗುಜರಿಯಲ್ಲಿ ದೊರೆತಿದೆ. ಅದರ ಮೇಲೆ ತಾತನ ಗಾಡಿಯನ್ನು ಕೂರಿಸಬಹುದೆಂದು ಕೆಲಸಗಾರರು ಹೇಳಿದ್ದಾರೆ. ಅಷ್ಟರಲ್ಲಿ ಒಬ್ಬರು, “ಆ ಚಾಸಿಯ ನಂಬರು ಉಜ್ಜಿಬಿಟ್ಟು ನಿಮ್ಮ ನಂಬರು ಹೊಡೆದರಾಯಿತು ಸ್ವಾಮಿ, ಯಾರಿಗೆ ಗೊತ್ತಾಗುತ್ತೆ?” ಎಂದರಂತೆ. ಮನೆಯ ಹಿರಿಯ ತಾಯಿಯವರು ಇದಕ್ಕೆ ಒಪ್ಪಲಿಲ್ಲ. ಅವರ ಮಾತಿನ ಮೇಲೆ ಪತ್ರ ಬಂದಿದೆ: ಚೌಕಟ್ಟು ಬದಲಾದ ಮೇಲೂ ಅದು ತಾತನ ಗಾಡಿಯೇ? ಆ ನಂಬರಿನ ಕೆಲಸ ಮಾಡಬಹುದೇ?

ಮಠದಲ್ಲಿ ಓದಿದವನಿಗೆ ಮೋಟಾರಿನ ವಿಷಯವೇಕೆ ಎಂದು ಕೆಲವರು ಕೇಳಬಹುದು. ಶರಣರಿಗೆ ಕಾಯಕಗಳಲ್ಲಿ ಮೇಲು ಕೀಳೆಂಬುದಿರಲಿಲ್ಲ. ಬಾಚಿ ಹಿಡಿದು ಮರ ಕೆತ್ತಿದ ಬಸವಯ್ಯನವರೂ ಹಗ್ಗ ಹೊಸೆದ ನುಲಿಯ ಚಂದಯ್ಯನವರೂ ಕುಳಿತ ಅನುಭಾವದ ಸಭೆ ಅದು. ಇಂದು ಅವರು ಇದ್ದಿದ್ದರೆ ವೆಲ್ಡಿಂಗ್ ಮಾಡುವವರೊಬ್ಬರು ಅವರ ಪಕ್ಕದಲ್ಲಿಯೇ ಇರುತ್ತಿದ್ದರು. ಆದುದರಿಂದ ಬಲ್ಲವರನ್ನು ಕೇಳಿ ತಿಳಿದುಕೊಂಡು, ಮೊದಲು ಕೆಲಸದ ವಿಷಯವನ್ನೂ ಆಮೇಲೆ ಧರ್ಮದ ವಿಷಯವನ್ನೂ ಹೇಳುತ್ತೇನೆ. ಕೆಲಸ ತಿಳಿಯದೆ ಅದರ ಧರ್ಮ ತಿಳಿಯುವುದಿಲ್ಲ.

ಚೌಕಟ್ಟು ಎಂದರೇನು?

ಗ್ಯಾರೇಜಿನವರ ಬಾಯಲ್ಲಿ ಇದು ‘ಚಾಸಿ’. ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ನಡುನಡುವೆ ಅವನ್ನು ಹಿಡಿದಿಡುವ ಅಡ್ಡತೊಲೆಗಳು. ಏಣಿಯನ್ನು ನೆಲದ ಮೇಲೆ ಮಲಗಿಸಿದಂತೆ ಅದರ ಆಕಾರ. ಎಂಜಿನ್, ಗೇರ್‌ಬಾಕ್ಸ್, ಸ್ಪ್ರಿಂಗ್ ಪಟ್ಟಿಗಳು, ಸ್ಟೇರಿಂಗಿನ ಪೆಟ್ಟಿಗೆ ಎಲ್ಲವೂ ಈ ಏಣಿಗೇ ಬಿಗಿದಿರುತ್ತವೆ. ಚಾಲಕನ ಕೋಣೆಯೂ ಹಿಂದಿನ ತೊಟ್ಟಿಯೂ ಅದರ ಮೇಲೆ ಬೋಲ್ಟುಗಳಿಂದ ಕುಳಿತಿರುತ್ತವೆ. ಎತ್ತಿನ ಗಾಡಿಗೆ ಮೂಕಿಯೂ ಅಚ್ಚೂ ಹೇಗೋ ಹಳೆಯ ಮೋಟಾರು ಗಾಡಿಗೆ ಚೌಕಟ್ಟು ಹಾಗೆ. ಇಂದಿನ ಸಣ್ಣ ಕಾರುಗಳಲ್ಲಿ ಮೈಯೂ ಚೌಕಟ್ಟೂ ಬೆಸೆದು ಒಂದೇ ಆಗಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲು ಬರುವುದಿಲ್ಲ. ಹಳೆಯ ಪಿಕಪ್ಪು, ಜೀಪು, ಲಾರಿಗಳಲ್ಲಿ ಇವು ಬೇರೆ ಬೇರೆಯಾದುದರಿಂದಲೇ ಒಂದರ ಚೌಕಟ್ಟಿನ ಮೇಲೆ ಇನ್ನೊಂದರ ಮೈಯನ್ನು ಇಡಲು ಸಾಧ್ಯ.

ಜೀಪಿನ ವಂಶದ ಗಾಡಿಗಳಿಗೆ ನಮ್ಮ ದೇಶದಲ್ಲಿ ದೊಡ್ಡ ಚರಿತ್ರೆಯುಂಟು. 1945ರಲ್ಲಿ ಆರಂಭವಾಗಿ ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಾದ ಸಂಸ್ಥೆಯು ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಅದಕ್ಕೂ ಮೊದಲೇ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯೊಂದು ಈ ದೇಶದಲ್ಲಿ ಆಗಬೇಕೆಂದು ಮೂವತ್ತರ ದಶಕದಲ್ಲಿ ಬಹಳವಾಗಿ ಶ್ರಮಿಸಿದ್ದರು. ನಮ್ಮ ಜಿಲ್ಲೆಯ ಸಕಲೇಶಪುರದ ಘಟ್ಟದ ಸೀಮೆಯಲ್ಲಿ ಕಾಫಿ ತೋಟದ ಕಡಿದಾದ ದಾರಿಗಳಲ್ಲಿ ಹಳೆಯ ಜೀಪುಗಳು ದೀರ್ಘಕಾಲ ಬಾಳಿದ್ದು ಸ್ಥಳೀಯ ಕೆಲಸಗಾರರ ಕೈಚಳಕದಿಂದ. ಹಳೆಯ ವಾಹನಗಳನ್ನು ಜತನದಿಂದ ಕಾಪಾಡುವುದು ಹೇಗೆಂದು ಕಣ್ಣಾರೆ ಕಾಣಬೇಕೆನ್ನುವವರು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವನ್ನೂ, ಅದೇ ಕ್ಷೇತ್ರದವರು ಶ್ರೀರಂಗಪಟ್ಟಣದ ಬಳಿ ಮಾಡಿರುವ ‘ಪಯಣ’ವನ್ನೂ ನೋಡಿ ಬರಬಹುದು.

ತುಕ್ಕು ಬಂದುದು ಹೇಗೆ?

ಕಬ್ಬಿಣಕ್ಕೆ ನೀರೂ ಗಾಳಿಯೂ ಸೇರಿದರೆ ತುಕ್ಕು. ಉಪ್ಪು ಸೇರಿತೆಂದರೆ ಅದು ಬಿರುಸಾಗುತ್ತದೆ. ನಮ್ಮ ತೆಂಗಿನ ಸೀಮೆಯಲ್ಲಿ ಗಾಡಿಗೆ ಉಪ್ಪು ಬರುವುದು ಸಮುದ್ರದಿಂದಲ್ಲ, ಗೊಬ್ಬರದಿಂದ. ತೆಂಗಿನ ಬುಡಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವೇ ಆಗಿದೆ. ಚೀಲದಿಂದ ಸೋರಿದ ಈ ಪುಡಿ ತೊಟ್ಟಿಯ ಸಂದುಗಳಲ್ಲಿ ಇಳಿದು ಚೌಕಟ್ಟಿನ ಮೇಲೆ ಕೂರುತ್ತದೆ. ಅದರ ಮೇಲೆ ಕೊಟ್ಟಿಗೆ ಗೊಬ್ಬರದ ಹಸಿ, ಕೆಸರು, ಗಂಜಲ. ಮಳೆಗಾಲ ಮುಗಿದರೂ ಆ ಕೆಸರಿನೊಳಗಿನ ತೇವ ಆರುವುದಿಲ್ಲ. ಮೇಲೆ ನೋಡಿದರೆ ಬಣ್ಣ, ಒಳಗೆ ಹುಡಿ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಜಾಗವನ್ನು ಬೇಡುವುದರಿಂದ ಒಂದರ ಮೇಲೊಂದು ಬೆಸೆದ ತಗಡುಗಳನ್ನು ಒಳಗಿನಿಂದಲೇ ಸೀಳಿಬಿಡುತ್ತದೆ.

ಪರೀಕ್ಷೆ ಸುಲಭ. ಕೆಸರನ್ನು ಪೂರ್ತಿಯಾಗಿ ತೊಳೆದು ಒಣಗಿಸಿ, ಸಣ್ಣ ಸುತ್ತಿಗೆಯಿಂದ ತೊಲೆಯ ಉದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ. ತಿಂದುಹೋದದ್ದು ಮಡಕೆಯಂತೆ ಮಂದವಾಗಿ ಸದ್ದು ಮಾಡುತ್ತದೆ. ಮುಖ್ಯವಾಗಿ ನೋಡಬೇಕಾದ ಜಾಗಗಳು ಮೂರು: ಹಿಂದಿನ ಅಚ್ಚಿನ ಮೇಲ್ಭಾಗ, ಸ್ಪ್ರಿಂಗ್ ಪಟ್ಟಿಗಳು ತೂಗಿಕೊಂಡಿರುವ ಕೊಂಡಿಗಳ ಬುಡ, ಮತ್ತು ಸ್ಟೇರಿಂಗ್ ಪೆಟ್ಟಿಗೆ ಬಿಗಿದ ಜಾಗ. ಬೇರೆ ಕಡೆ ತೂತಾದರೆ ಗಾಡಿ ನಿಲ್ಲಬಹುದು. ಈ ಮೂರು ಕಡೆ ಮುರಿದರೆ ಪ್ರಾಣವೇ ಹೋಗಬಹುದು. ತೂತುಗಳು ಒಂದೆರಡು ಕಡೆ ಮಾತ್ರವಿದ್ದರೆ ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಉಕ್ಕನ್ನು ಬೆಸೆದು ಸರಿಪಡಿಸಬಹುದು. ಕೊಳೆತದ್ದರ ಮೇಲೆಯೇ ಹೊಸ ತಗಡಿನ ತೇಪೆ ಹಾಕಿ ಬಣ್ಣ ಬಳಿಯುವವರಿದ್ದಾರೆ. ಅದು ಹುಣ್ಣಿನ ಮೇಲೆ ಗಂಧ ಬಳಿದಂತೆ. ಉದ್ದಕ್ಕೂ ತಿಂದುಹೋಗಿದ್ದರೆ ಮಾತ್ರ ಇನ್ನೊಂದು ಚೌಕಟ್ಟಿನ ಮಾತು ಬರುತ್ತದೆ.

ಚೌಕಟ್ಟು ಬದಲಿಸುವ ಕ್ರಮ

ಇನ್ನೊಂದು ಗಾಡಿಯ ಚೌಕಟ್ಟು ಕೊಳ್ಳುವ ಮೊದಲು ಅಳತೆ ಹಿಡಿಯಬೇಕು. ವಿಲ್ಲೀಸ್ ಎಂಬ ಹೆಸರು ಒಂದೇ ಎಂದು ಮೋಸಹೋಗಬಾರದು. ಹಳೆಯ ಜೀಪಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಣ ಅಂತರ 80 ಅಂಗುಲ; ಅದೇ ಕಂಪನಿಯ ಪಿಕಪ್ಪಿನದು 118 ಅಂಗುಲ. ಜೀಪಿನ ಚೌಕಟ್ಟು ಪಿಕಪ್ಪಿಗೆ ಒದಗುವುದಿಲ್ಲ. ಎರಡನೆಯದಾಗಿ, ಚೌಕಟ್ಟು ಸೊಟ್ಟಗಾಗಿದೆಯೋ ಇಲ್ಲವೋ ನೋಡಬೇಕು. ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೂ, ಮುಂದಿನ ಬಲದಿಂದ ಹಿಂದಿನ ಎಡಕ್ಕೂ ದಾರ ಹಿಡಿದು ಅಳೆದರೆ ಎರಡೂ ಸಮನಾಗಿರಬೇಕು. ಮನೆ ಕಟ್ಟುವಾಗ ಪಾಯದ ಮೂಲೆಮಟ್ಟ ನೋಡುವ ವಿದ್ಯೆಯೇ ಇದು. ಅಂತರ ಬಂದರೆ ಆ ಗಾಡಿ ಹಿಂದೆ ಎಲ್ಲಿಯೋ ಅಪಘಾತಕ್ಕೆ ಸಿಕ್ಕಿದೆ ಎಂದೇ ತಿಳಿಯಬೇಕು.

ಬಿಚ್ಚುವ ಮೊದಲು ಪ್ರತಿಯೊಂದು ಭಾಗದ ಚಿತ್ರವನ್ನು ತೆಗೆದಿಡಬೇಕು. ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಇರುವುದರಿಂದ ಇದು ಕಷ್ಟವಲ್ಲ. ಬಿಚ್ಚಿದ ನಟ್ಟು-ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಡಬೇಕು. ಮೊದಲು ಬ್ಯಾಟರಿ, ಆಮೇಲೆ ಪೆಟ್ರೋಲ್ ಟ್ಯಾಂಕು ಹೊರಗೆ ಬರಬೇಕು. ಖಾಲಿ ಟ್ಯಾಂಕಿಗೆ ಭಯವಿಲ್ಲವೆಂಬುದು ತಪ್ಪು ತಿಳಿವಳಿಕೆ; ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನೊಳಗಿನ ಆವಿಯೇ ಕಿಡಿ ತಾಗಿದರೆ ಸಿಡಿಯುತ್ತದೆ. ಅದರ ಹತ್ತಿರ ವೆಲ್ಡಿಂಗ್ ಕೂಡದು.

ಚಾಲಕನ ಕೋಣೆಯನ್ನು ಎತ್ತುವಾಗ ಒಂದು ಎಚ್ಚರ. ಅದರ ನೆಲದ ತಗಡು ಕೊಳೆತಿದ್ದರೆ ಎತ್ತಿದ ಕೂಡಲೇ ಬಾಗಿಲಿನ ಕಂಡಿ ಸೊಟ್ಟಗಾಗಿ, ಆಮೇಲೆ ಬಾಗಿಲು ಎಂದಿಗೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಬಾಗಿಲುಗಳ ಕಂಡಿಗೆ ಮೊದಲೇ ಅಡ್ಡಪಟ್ಟಿಗಳನ್ನು ಬೆಸೆದು ಬಿಗಿ ಮಾಡಿಕೊಂಡು, ಚೈನ್ ಪುಲ್ಲಿಯಿಂದ ನಿಧಾನವಾಗಿ ಎತ್ತಿ, ಗಟ್ಟಿ ಮರದ ದಿಮ್ಮಿಗಳ ಮೇಲೆ ಇಳಿಸಬೇಕು. ಬರಿಯ ಜಾಕಿನ ಆಧಾರದಲ್ಲಿ ನಿಂತ ಗಾಡಿಯ ಕೆಳಗೆ ಯಾರೂ, ಯಾವ ಕಾರಣಕ್ಕೂ ತಲೆ ಹಾಕಬಾರದು.

ಹೊಸದಾಗಿ ಬಂದ ಚೌಕಟ್ಟನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕನ್ನು ಬುಡದವರೆಗೂ ತೆಗೆದು, ಒಡನೆಯೇ ರೆಡ್ ಆಕ್ಸೈಡ್ ಬಳಿದು, ಮೇಲೆ ಕರಿಯ ಬಣ್ಣ ಕೊಡಬೇಕು. ಉಜ್ಜಿದ ಉಕ್ಕನ್ನು ರಾತ್ರಿಯಿಡೀ ಬಯಲಿನಲ್ಲಿ ಬಿಟ್ಟರೆ ಬೆಳಗಿನ ಇಬ್ಬನಿಗೇ ಮತ್ತೆ ಕೆಂಪಾಗುತ್ತದೆ. ಮರಳು ಊದಿ ತುಕ್ಕು ತೆಗೆಸುವವರು ಅದರ ಧೂಳು ಶ್ವಾಸಕೋಶವನ್ನು ಕೆಡಿಸುವುದೆಂದು ಅರಿತು ಕೆಲಸಗಾರರಿಗೆ ತಕ್ಕ ರಕ್ಷಣೆ ಕೊಡಬೇಕು. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರುವ ಸಂಭವವಿದೆ; ಆ ಧೂಳನ್ನು ಬಾಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳನ್ನು ಅಲ್ಲಿಗೆ ಬಿಡಲೇಬಾರದು. ಬ್ರೇಕಿನ ಪೈಪುಗಳನ್ನೂ ರಬ್ಬರುಗಳನ್ನೂ ಹಳೆಯವನ್ನು ಉಳಿಸದೆ ಹೊಸದಾಗಿಯೇ ಹಾಕಿಸಬೇಕು. ಕೊನೆಗೆ, ಎಂಜಿನ್ನಿಗೂ ಚೌಕಟ್ಟಿಗೂ ನಡುವೆ ಅರ್ತಿನ ಪಟ್ಟಿ ಕೂರುವ ಜಾಗದಲ್ಲಿ ಬಣ್ಣವನ್ನು ಕೆರೆದು ಉಕ್ಕು ಕಾಣುವಂತೆ ಮಾಡಬೇಕು. ಬಣ್ಣದ ಮೇಲೆ ಬಿಗಿದರೆ ವಿದ್ಯುತ್ತು ಹರಿಯದೆ, ಎಲ್ಲ ಸರಿಯಿದ್ದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಅದು ತಾತನ ಗಾಡಿಯೇ?

ಈ ಪ್ರಶ್ನೆ ಹೊಸದಲ್ಲ. ಪಾಳಿಯ ಮಿಲಿಂದಪನ್ಹ ಗ್ರಂಥದಲ್ಲಿ ಭಿಕ್ಷು ನಾಗಸೇನನು ಯವನ ರಾಜ ಮಿಲಿಂದನನ್ನು ಕೇಳುತ್ತಾನೆ: ನೀನು ಬಂದ ರಥವೆಂಬುದು ಯಾವುದು? ಅಚ್ಚೇ, ಚಕ್ರವೇ, ನೊಗವೇ? ರಾಜನು ಒಂದೊಂದಕ್ಕೂ ಅಲ್ಲವೆನ್ನುತ್ತಾನೆ. ಎಲ್ಲವೂ ಕೂಡಿದಾಗ ಬಂದ ವ್ಯವಹಾರದ ಹೆಸರೇ ರಥ ಎಂಬಲ್ಲಿಗೆ ಆ ಮಾತು ನಿಲ್ಲುತ್ತದೆ. ನಮ್ಮ ರೈತರಿಗೆ ಇದನ್ನು ಗ್ರಂಥದಿಂದ ಕಲಿಸಬೇಕಾದುದಿಲ್ಲ. ಎತ್ತಿನ ಗಾಡಿಯ ಅಚ್ಚು ಒಂದು ಸುಗ್ಗಿಯಲ್ಲಿ ಹೋಗುತ್ತದೆ, ಗಾಲಿಯ ಕಬ್ಬಿಣದ ಪಟ್ಟಿ ಇನ್ನೊಂದರಲ್ಲಿ, ಮೂಕಿ ಮತ್ತೊಂದರಲ್ಲಿ. ಆದರೂ ಅದು ಅಪ್ಪನ ಗಾಡಿಯೆಂದೇ ಕರೆಸಿಕೊಳ್ಳುತ್ತದೆ. ಜಾತ್ರೆಯ ತೇರಿನ ಗಾಲಿಗಳು ಬದಲಾದರೂ ಎಳೆಯುವವರಿಗೆ ಅದೇ ತೇರು.

ಆದುದರಿಂದ ಮನೆಯವರ ನೆನಪಿನ ಮಟ್ಟಿಗೆ ಅದು ತಾತನ ಗಾಡಿಯೇ. ಅದರಲ್ಲಿ ಸಂಶಯ ಬೇಡ. ತಾತನವರು ಕೈಯಿಟ್ಟ ಸ್ಟೇರಿಂಗು, ಅವರು ಕುಳಿತ ಜಾಗ, ಅವರು ಕೊಬ್ಬರಿ ಹೇರಿದ ತೊಟ್ಟಿ ಉಳಿದಿವೆ. ಓಡುವ ಗಾಡಿಯನ್ನು ಜಂಗಮವೆಂದೂ ನಿಂತದ್ದನ್ನು ಸ್ಥಾವರವೆಂದೂ ಕರೆದು ಮಾತಿನ ಚಮತ್ಕಾರ ಮಾಡುವುದು ಸುಲಭ, ಅದು ಸಲ್ಲದು. ಜಂಗಮವೆಂದರೆ ಚಲಿಸುವ ವಸ್ತುವಲ್ಲ, ಅರಿವೂ ಆಚಾರವೂ ಒಂದಾದ ಚೈತನ್ಯ. ಗಾಡಿ ಗಾಡಿಯೇ. ಅದನ್ನು ಎತ್ತಿ ನಿಲ್ಲಿಸುವವರ ನಡೆಯಲ್ಲಿ ಆ ಚೈತನ್ಯವಿದೆಯೇ ಎಂಬುದನ್ನು ಮಾತ್ರ ನಾವು ನೋಡಬೇಕು. ಅದು ಪರೀಕ್ಷೆಗೆ ಬರುವುದು ಎರಡನೆಯ ಪ್ರಶ್ನೆಯಲ್ಲಿ.

ನಂಬರೆಂಬ ಶಾಸನ

ಮನೆಯವರ ನೆನಪಿಗೆ ಗಾಡಿಯ ಗುರುತು ತಾತ. ಸರ್ಕಾರಕ್ಕೆ ಗಾಡಿಯ ಗುರುತು ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆ. ಎಂಜಿನ್ನಿನ ಸಂಖ್ಯೆಯೊಡನೆ ಅದೂ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ಗಾಡಿ ಕಳುವಾದರೆ ಪತ್ತೆಹಚ್ಚುವುದು, ಅಪಘಾತವಾದರೆ ಹೊಣೆ ನಿಶ್ಚಯಿಸುವುದು, ವಿಮೆ ಕೊಡುವುದು ಎಲ್ಲವೂ ಅದರಿಂದ. ಅದು ಗಾಡಿಯ ಶಾಸನ.

ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ ನಮ್ಮ ಹಾಸನ ಜಿಲ್ಲೆಯ ಶಾಸನಗಳಿವೆ. ಚನ್ನರಾಯಪಟ್ಟಣ ತಾಲ್ಲೂಕಿನವೂ ಅದರಲ್ಲಿವೆ. ಶಾಸನಗಳನ್ನು ಓದುವ ವಿದ್ವಾಂಸರಿಗೆ ‘ಕೂಟಶಾಸನ’ ಎಂಬ ಮಾತು ಗೊತ್ತು. ಹಿಂದಿನ ರಾಜನ ಹೆಸರಿನಲ್ಲಿ ಮುಂದಿನವರು ತಾಮ್ರದ ಮೇಲೆ ಕೊರೆಸಿಕೊಂಡ ಸುಳ್ಳು ದಾನಪತ್ರವದು. ತಾಮ್ರವೂ ನಿಜವಾದುದು, ಅಕ್ಷರವೂ ಅಂದವಾದುದು. ಅದು ಹೇಳುವ ಸಂಗತಿ ಮಾತ್ರ ಸುಳ್ಳು. ಗುಜರಿಯಿಂದ ತಂದ ಚೌಕಟ್ಟಿನ ಮೂಲ ಸಂಖ್ಯೆಯನ್ನು ಉಜ್ಜಿ, ತಾತನ ಗಾಡಿಯ ಸಂಖ್ಯೆಯನ್ನು ಪಂಚಿನಿಂದ ಹೊಡೆಯುವುದು ಕೂಟಶಾಸನ ಬರೆಯುವ ಕೆಲಸವೇ. ಹಳೆಯ ತೊಲೆಯಿಂದ ಸಂಖ್ಯೆಯಿರುವ ತುಂಡನ್ನಷ್ಟೇ ಕತ್ತರಿಸಿ ಹೊಸದಕ್ಕೆ ಬೆಸೆಯುವವರೂ ಉಂಟು. ಅದೂ ಅದೇ ಪಾಪ. ಕೆಲಸ ಮಾತ್ರ ಹೆಚ್ಚು ನಯ.

ಕಾನೂನು ಇಲ್ಲಿ ಬಹಳ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು 2019ರ ತಿದ್ದುಪಡಿಯ ತರುವಾಯ ಹೇಳುವುದು ಇದು: ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಬಾರದು. ಅನುಮತಿಯಿಲ್ಲದ ಮಾರ್ಪಾಟಿಗೆ, ಅದೇ ತಿದ್ದುಪಡಿಯಿಂದ ಸೇರಿದ 182-ಎ ಪ್ರಕರಣದ ಪ್ರಕಾರ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಂಖ್ಯೆಯನ್ನು ತಿದ್ದುವುದಂತೂ ಮಾರ್ಪಾಟಿನ ಮಾತಲ್ಲ, ವಂಚನೆಯ ಮಾತು. ಗುಜರಿಯ ಆ ಚೌಕಟ್ಟು ಎಂದೋ ಕಳುವಾದ ಗಾಡಿಯದಾಗಿದ್ದರೆ ಕಳವಿನ ಮಾಲು ಇಟ್ಟುಕೊಂಡ ಆರೋಪವೂ ಮನೆಬಾಗಿಲಿಗೆ ಬರುತ್ತದೆ.

ಐವತ್ತು ವರ್ಷ ದಾಟಿದ ವಾಹನಗಳಿಗಾಗಿ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಬೇರೆಯೇ ನಿಯಮ ಮಾಡಿತೆಂದು ತಮ್ಮನವರು ಕೇಳಿರಬಹುದು. ಆ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯಾಫಲಕ ಎಂದಿತ್ತು. ಆದರೆ ಚೌಕಟ್ಟು, ಮೈ, ಎಂಜಿನ್ನುಗಳಲ್ಲಿ ಗಣನೀಯವಾದ ಬದಲಾವಣೆಯಾಗದೆ ಮೂಲರೂಪದಲ್ಲಿ ಉಳಿದ ವಾಹನಕ್ಕೆ ಮಾತ್ರ ಆ ಗೌರವ. ಅಂಥ ವಾಹನವನ್ನು ಪ್ರದರ್ಶನ, ಮೆರವಣಿಗೆ ಮುಂತಾದವುಗಳಿಗಲ್ಲದೆ ನಿತ್ಯದ ಬಳಕೆಗಾಗಲಿ ವ್ಯಾಪಾರಕ್ಕಾಗಲಿ ಓಡಿಸುವಂತಿಲ್ಲ. ಅದು ಸ್ವಂತ ಬಳಕೆಯ ವಾಹನಗಳನ್ನು ಉದ್ದೇಶಿಸಿದ್ದು. ಸರಕು ಸಾಗಿಸುವ ವಾಹನವೆಂದು ನೋಂದಣಿಯಾದ ಪಿಕಪ್ಪಿಗೆ ತಾನಾಗಿ ಒದಗುವುದೆಂದು ನಂಬಿ ಹಣ ಹಾಕಬಾರದು. ಚೌಕಟ್ಟು ಬದಲಿಸಿದ ಮೇಲಂತೂ ಆ ಬಾಗಿಲು ಮುಚ್ಚಿದಂತೆಯೇ.

ಹಾಗಾದರೆ ಮಾರ್ಗವೇನು? ಮೂರು ಮಾರ್ಗಗಳಿವೆ. ಮೊದಲನೆಯದು, ತಾತನ ಗಾಡಿಯ ಮೂಲ ಚೌಕಟ್ಟನ್ನೇ ಉಳಿಸಿಕೊಂಡು, ಕೊಳೆತ ಭಾಗಗಳನ್ನು ಮಾತ್ರ ಗುಜರಿಯ ಚೌಕಟ್ಟಿನ ಗಟ್ಟಿ ತುಂಡುಗಳಿಂದ ಸರಿಪಡಿಸುವುದು. ತಿಂದುಹೋದದ್ದು ಹಿಂಭಾಗ ಮಾತ್ರವಾಗಿದ್ದರೆ ಇದೇ ಉತ್ತಮ. ಇದು ನಿಜವಾಗಿಯೂ ಜೀರ್ಣೋದ್ಧಾರ. ಎರಡನೆಯದು, ಪೂರ್ತಿ ಬದಲಿಸಲೇಬೇಕಾದರೆ ಒಂದು ಬೋಲ್ಟನ್ನೂ ಬಿಚ್ಚುವ ಮೊದಲು, ಎರಡೂ ಗಾಡಿಗಳ ಕಾಗದಗಳೊಡನೆ ಹಾಸನದ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗಿ ಬರೆದು ಅರ್ಜಿ ಕೊಟ್ಟು, ಬರೆದ ಉತ್ತರ ಪಡೆಯುವುದು. ಒಪ್ಪಿದರೆ ಅದರಂತೆ ದಾಖಲೆ ಮಾಡಿಸಿಕೊಳ್ಳುವುದು, ಒಪ್ಪದಿದ್ದರೆ ತಲೆಬಾಗುವುದು. ಮೂರನೆಯದು, ಗಾಡಿಯನ್ನು ಅಂದಗೊಳಿಸಿ ಮನೆಯ ಅಂಗಳದಲ್ಲಿಯೇ ನೆನಪಿನ ವಸ್ತುವಾಗಿ ಇಟ್ಟುಕೊಳ್ಳುವುದು, ರಸ್ತೆಗೆ ತಾರದಿರುವುದು. ಮೂರೂ ಗೌರವದ ಮಾರ್ಗಗಳೇ. ನಾಲ್ಕನೆಯದಾದ ಪಂಚಿನ ಮಾರ್ಗ ಶರಣರ ಮನೆಗೆ ಸಲ್ಲುವುದಿಲ್ಲ.

ಯಾವ ಮಾರ್ಗ ಹಿಡಿದರೂ ಮೊದಲು ನೋಡಬೇಕಾದದ್ದು ಗಾಡಿ ಯಾರ ಹೆಸರಿನಲ್ಲಿದೆ ಎಂಬುದು. ಅನೇಕ ಮನೆಗಳಲ್ಲಿ ಮಾಲೀಕರು ಲಿಂಗೈಕ್ಯರಾಗಿ ವರ್ಷಗಳು ಸಂದರೂ ನೋಂದಣಿ ಪತ್ರದಲ್ಲಿ ಅವರ ಹೆಸರೇ ಉಳಿದಿರುತ್ತದೆ. ನಿಯಮದ ಪ್ರಕಾರ ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ತಡವಾಗಿದ್ದರೂ ಮೊದಲು ಅದನ್ನು ಸರಿಪಡಿಸಬೇಕು. ಹಾಗೆಯೇ ಗುಜರಿಗೆ ಬಂದ ಇನ್ನೊಂದು ಗಾಡಿಯ ಮಾಲೀಕರೂ ಅದು ಬಳಕೆಗೆ ಬಾರದಂತಾದ 14 ದಿನಗಳೊಳಗೆ ಕಚೇರಿಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಕಾಯಿದೆಯ 55ನೆಯ ಪ್ರಕರಣ ಹೇಳುತ್ತದೆ. ಅದು ಆಗಿದೆಯೇ ಎಂದು ಕೇಳಿ, ಕೊಂಡ ರಸೀದಿಯನ್ನೂ ಆ ಕಾಗದಗಳನ್ನೂ ಪಡೆದ ಮೇಲೆಯೇ ಹಣ ಕೊಡಬೇಕು. ಕಾಗದವಿಲ್ಲದ ಅಗ್ಗದ ಚೌಕಟ್ಟು ಅಗ್ಗವಲ್ಲ.

ಬೇಕಾದಷ್ಟು ಮಾತ್ರ

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದರು. ಆ ಅಕ್ಕಿ ಕದ್ದದ್ದಲ್ಲ, ಯಾರೂ ಕೇಳುತ್ತಿರಲೂ ಇಲ್ಲ. ಆದರೂ ಅದು ಅವರ ಕಾಯಕಕ್ಕೆ ಸಲ್ಲದ ಪಾಲಾಗಿತ್ತು. ಯಾರಿಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಯನ್ನು ಆ ತಾಯಿ ಕೇಳಲೇ ಇಲ್ಲ. ತನಗೆ ಗೊತ್ತು ಎಂಬುದೇ ಅವರಿಗೆ ಸಾಕಾಗಿತ್ತು. ದಂಡಿಗನಹಳ್ಳಿ ಕಡೆಯ ಆ ಹಿರಿಯ ತಾಯಿಯವರೂ ನಂಬರಿನ ಕೆಲಸಕ್ಕೆ ಒಪ್ಪದೆ ನಿಂತದ್ದು ಅದೇ ಸತ್ಯಶುದ್ಧ ಕಾಯಕದ ದಾರಿಯಲ್ಲಿ. ಮನೆಯ ಗಂಡುಮಕ್ಕಳು ಆ ಮಾತಿಗೆ ಬೆಲೆ ಕೊಡಬೇಕು.

ಖರ್ಚಿನ ವಿಷಯದಲ್ಲಿಯೂ ಇದೇ ಅಳತೆ. ಹಳೆಯ ಗಾಡಿಯ ಕೆಲಸದಲ್ಲಿ ಮೊದಲು ಹೇಳಿದ ಲೆಕ್ಕ ಕೊನೆಗೆ ನಿಲ್ಲುವುದು ಅಪರೂಪ. ಒಂದನ್ನು ಬಿಚ್ಚಿದರೆ ಒಳಗೆ ಇನ್ನೊಂದು ಕಾಣುತ್ತದೆ. ಅದಕ್ಕಾಗಿ ಹೆಂಗಸರ ಒಡವೆ ಗಿರವಿ ಇಡುವುದು, ಮಕ್ಕಳ ಓದಿಗೆ ಇಟ್ಟ ಹಣ ತೆಗೆಯುವುದು, ಸಾಲ ಮಾಡುವುದು ಸಲ್ಲದು. ವರ್ಷದ ಉಳಿತಾಯದಲ್ಲಿ ಆಗುವಷ್ಟು ಮಾಡಿ, ಉಳಿದುದನ್ನು ಮುಂದಿನ ವರ್ಷಕ್ಕೆ ಇಡಲಿ. ಗಾಡಿಗೆ ಅವಸರವಿಲ್ಲ. ಆದರೆ ಕೆಲಸಗಾರರ ಕೂಲಿಗೆ ಅವಸರವಿದೆ. ಅದನ್ನು ಅಂದಂದೇ ಕೊಡಬೇಕು. ಸುಳ್ಳು ಕೆಲಸ ಬೇಡವೆಂದು ಹೇಳುವವರು ನಿಜವಾದ ಕೆಲಸಕ್ಕೆ ತಕ್ಕ ಬೆಲೆ ಕೊಡಲು ಸಿದ್ಧರಿರಬೇಕು. ಕೂಲಿಯಲ್ಲಿ ಚೌಕಾಸಿ ಮಾಡಿ ಸತ್ಯವನ್ನು ಬಯಸುವುದು ನ್ಯಾಯವಲ್ಲ.

ಅಣ್ಣ ತಮ್ಮಂದಿರಿಗೆ ಒಂದು ಮಾತು. ಗುಜರಿಗೆ ಹಾಕುವೆನೆಂಬ ಅಣ್ಣನಿಗೆ ತಾತನ ಮೇಲೆ ಪ್ರೀತಿ ಇಲ್ಲವೆಂದೂ, ಉಳಿಸುವೆನೆಂಬ ತಮ್ಮನಿಗೆ ಸಂಸಾರದ ಲೆಕ್ಕ ತಿಳಿಯದೆಂದೂ ಭಾವಿಸಬಾರದು. ಒಬ್ಬನಿಗೆ ಮನೆಯ ಭಾರ ಕಾಣುತ್ತಿದೆ, ಇನ್ನೊಬ್ಬನಿಗೆ ಮನೆಯ ನೆನಪು ಕಾಣುತ್ತಿದೆ. ಎರಡೂ ಮನೆಗೆ ಬೇಕು. ಗಾಡಿ ಎದ್ದು ನಿಂತು, ಅಣ್ಣ ತಮ್ಮಂದಿರು ಮಾತು ಬಿಟ್ಟರೆ ಅಲ್ಲಿ ಉದ್ಧಾರವಾದದ್ದು ಏನು? ಇಬ್ಬರೂ ಕೂಡಿ ಸುತ್ತಿಗೆ ಹಿಡಿದು ಚೌಕಟ್ಟನ್ನು ಒಮ್ಮೆ ತಟ್ಟಿ ನೋಡಲಿ. ಎಷ್ಟು ಗಟ್ಟಿ, ಎಷ್ಟು ಹುಡಿ ಎಂದು ಇಬ್ಬರ ಕಿವಿಗೂ ಕೇಳಿದ ಮೇಲೆ ನಿರ್ಣಯ ಕಷ್ಟವಾಗುವುದಿಲ್ಲ.

ಕೊನೆಯದಾಗಿ ಎಲ್ಲ ಮನೆಗಳಿಗೂ ಸಲ್ಲುವ ಒಂದು ಸಲಹೆ. ಹಳೆಯ ಗಾಡಿಯಾಗಲಿ, ಹಳೆಯ ಮನೆಯಾಗಲಿ, ಹಿರಿಯರ ಯಾವ ವಸ್ತುವನ್ನು ಸರಿಪಡಿಸಿದರೂ ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ಭಾಗ ಹೋಗಿತ್ತು, ಯಾವುದನ್ನು ಎಲ್ಲಿಂದ ತಂದೆವು, ಯಾರು ಕೆಲಸ ಮಾಡಿದರು, ಯಾವ ವರ್ಷ. ಗಾಡಿಯ ಬಾಗಿಲಿನ ಒಳಬದಿಯಲ್ಲಿ ಸಣ್ಣ ಹಿತ್ತಾಳೆಯ ತಗಡಿನ ಮೇಲೆ ಇಂಥ ವರ್ಷ ದುರಸ್ತಿಯಾಯಿತೆಂದು ಕೊರೆಸಿದರೂ ಆದೀತು. ನಮ್ಮ ಮೊಮ್ಮಕ್ಕಳು ಅದನ್ನು ಓದಿದಾಗ, ಹಿರಿಯರು ಹಳೆಯದನ್ನು ಉಳಿಸಿದರು, ಉಳಿಸುವಾಗ ಸುಳ್ಳು ಹೇಳಲಿಲ್ಲ ಎಂದು ತಿಳಿಯಲಿ. ಬೇಲೂರಿನ ಗುಂಡ ದಂಡನಾಯಕನು ಕಲ್ಲಿನಲ್ಲಿ ಮಾಡಿದ ಕೆಲಸವನ್ನು ನಾವು ತಗಡಿನಲ್ಲಿ ಮಾಡಿದರೂ ಅದು ಜೀರ್ಣೋದ್ಧಾರವೇ.